ಓದದ ತುಂಡಿನ ಮೇಲೆ ಒಂದು ಅಭಿಪ್ರಾಯ

ಕತ್ತರಿ ಅಕ್ಕ ಪುಸ್ತಕಗಳ ಬಗ್ಗೆ ಹೇಳಿದ ಅಭಿಪ್ರಾಯಗಳನ್ನೆಲ್ಲ ಒಟ್ಟು ಮಾಡಿದರೆ ಅದೇ ಒಂದು ದಪ್ಪ ಪುಸ್ತಕವಾದೀತು. ಅವುಗಳಲ್ಲಿ ಒಂದನ್ನು ಮಾತ್ರ ವಾಪಸು ತೆಗೆದುಕೊಳ್ಳುವ ಹಾಗಿದ್ದರೆ ಏನು ಬೇಕಾದರೂ ಕೊಟ್ಟಾಳು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಅವತ್ತು ಆಡಿದ ಮಾತು ಒಬ್ಬಳ ಮನೆಯ ಬಾಗಿಲನ್ನೇ ಮುಚ್ಚಿಸಿತು.

ಅವಳು ದೊಡ್ಡಾಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಬಟ್ಟೆ ಕತ್ತರಿಸುವವಳು. ನಡುವೆ ಸವೆದ ಹಾಸಿಗೆ ಬಟ್ಟೆಯನ್ನು ಉದ್ದಕ್ಕೆ ಸೀಳಿ, ಗಟ್ಟಿಯಿರುವ ಅಂಚುಗಳಿಂದ ದಿಂಬಿನ ಚೀಲ ತೆಗೆಯುತ್ತಾಳೆ. ಅದೂ ಹರಿದರೆ ಒರೆಸುವ ಬಟ್ಟೆ. ಕೈಗೆ ತಕ್ಕ ಬಾಯಿ. ನಾಲಿಗೆಗೆ ಎಲುಬಿಲ್ಲ ಅನ್ನುತ್ತಾರೆ, ಇವಳ ನಾಲಿಗೆಗೆ ಮಾತ್ರ ಎರಡು ಅಲಗು. ಹೆಸರು ಬಂದದ್ದು ಕೈಯಿಂದಲೋ ಬಾಯಿಂದಲೋ ಅನ್ನುವ ವಾದ ಕೋಣೆಯಲ್ಲಿ ಇವತ್ತಿಗೂ ಮುಗಿದಿಲ್ಲ. ಗಂಡ ಬಸ್ ಡ್ರೈವರ್. ಮಾತು ಕಡಿಮೆ, ಸಿಟ್ಟು ಇನ್ನೂ ಕಡಿಮೆ. ಸಂಜೆ ಮನೆಗೆ ಬಂದು ಚಪ್ಪಲಿ ಬಿಡುತ್ತಾ ಕೇಳುವುದು ಒಂದೇ ಪ್ರಶ್ನೆ: "ಇವತ್ತು ಯಾರನ್ನ ಕತ್ತರಿಸಿದೆ?"

ಆ ಕೋಣೆಯ ಆರು ಹೆಂಗಸರಿಗೂ ಕಾದಂಬರಿಯ ಹುಚ್ಚು. ಇಸ್ತ್ರಿಯವಳ ನಾದಿನಿ ಪುಸ್ತಕದಂಗಡಿಯಲ್ಲಿದ್ದಾಳೆ. ರಟ್ಟು ಹರಿದು ಮಾರಾಟಕ್ಕೆ ಬಾರದ ಪ್ರತಿಗಳನ್ನು ಕಳಿಸುತ್ತಾಳೆ. ಬರುವುದು ಒಂದೇ ಪ್ರತಿ, ಅದೂ ಈಗಿನ ಪ್ರೇಮ ಕಾದಂಬರಿ, ಮಾಯಾಲೋಕದ ಕಾದಂಬರಿಗಳು ಇಟ್ಟಿಗೆಯಷ್ಟು ದಪ್ಪ. ಆರು ಜನ ಸರದಿ ಕಾಯುವಷ್ಟು ತಾಳ್ಮೆ ಯಾರಿಗಿದೆ? ಅದಕ್ಕೆ ಆಸ್ಪತ್ರೆಯ ಫೈಲು ಹೊಲಿಯುವ ಬೈಂಡರ್ ಯಜಮಾನರು ಪುಸ್ತಕವನ್ನು ಆರು ತುಂಡು ಮಾಡಿ, ಒಂದೊಂದಕ್ಕೂ ರಟ್ಟು ಅಂಟಿಸಿ, ಮೇಲೆ ನಂಬರು ಬರೆದು ಕೊಡುತ್ತಾರೆ. ಎಲ್ಲರದ್ದೂ ಮುಗಿದ ಮೇಲೆ ಮತ್ತೆ ಒಂದಾಗಿ ಹೊಲಿದು ಬೀರುವಿಗೆ. ಯಾರ ಕೈಗೆ ಯಾವ ತುಂಡು ಮೊದಲು ಬರುತ್ತದೋ ಅದನ್ನೇ ಓದಬೇಕು. ಮದುವೆ ಓದಿ ಆಮೇಲೆ ಪರಿಚಯ ಓದುವುದು, ಸತ್ತವನು ಮುಂದಿನ ವಾರ ಕುದುರೆ ಹತ್ತುವುದು ಅಲ್ಲಿ ಮಾಮೂಲು.

ಹಾಗಾಗಿ ಕತ್ತರಿ ಅಕ್ಕನೇ ಒಂದು ಕಟ್ಟುಪಾಡು ಮಾಡಿದ್ದಳು. ಆರೂ ತುಂಡು ಓದುವ ತನಕ ಯಾರೂ ಅಭಿಪ್ರಾಯ ಹೇಳಬಾರದು. ಓದಿದ ಮೇಲೆ ಊಟದ ಹೊತ್ತಿಗೆ ಡಬ್ಬಿ ಬಿಚ್ಚಿ, ಕಡ್ಡಿ ಮುರಿದ ಹಾಗೆ ಹೇಳಬೇಕು. ಚೆನ್ನಾಗಿತ್ತು, ಪರವಾಗಿಲ್ಲ ಅಂತೆಲ್ಲ ಜಾರಿಕೊಳ್ಳುವ ಹಾಗಿಲ್ಲ.

ಅವಳು ಹೇಳುವುದನ್ನು ಕೇಳಲು ಪಕ್ಕದ ಒಗೆಯುವ ಕೋಣೆಯವರೂ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು.

"ಐನೂರು ವರ್ಷದ ರಾಜಕುಮಾರನಂತೆ, ಹತ್ತೊಂಬತ್ತರ ಹುಡುಗೀನ ನೋಡಿ ಮಾತು ತಡವರಿಸ್ತಾನಂತೆ. ಐನೂರು ವರ್ಷ ಏನು ಕಡಿದು ಕಟ್ಟೆ ಹಾಕ್ತಿದ್ದ? ನಮ್ಮೆಜಮಾನ್ರು ಇಪ್ಪತ್ತೇಳಕ್ಕೇ ನೆಟ್ಟಗೆ ಮಾತಾಡಿದ್ರು."

ಇನ್ನೊಂದು ದಿನ: "ಆ ಡ್ರ್ಯಾಗನ್ನಿಗೆ ಊಟ ಯಾರು ಹಾಕ್ತಾರೆ, ಸಗಣಿ ಯಾರು ಬಾಚ್ತಾರೆ, ಒಂದು ಸಾಲಿದ್ಯಾ? ಬರೆದವಳು ಮನೇಲಿ ಬೆಕ್ಕನ್ನೂ ಸಾಕಿಲ್ಲ."

ಪ್ರೇಮ ಕಾದಂಬರಿಯ ನಾಯಕರ ಮೇಲಂತೂ ಅವಳಿಗೆ ಹಳೇ ಕೋಪ. "ಪುಟಕ್ಕೆರಡು ಸಲ ದವಡೆ ಬಿಗಿ ಹಿಡೀತಾನೆ. ಹಲ್ಲಿನ ಡಾಕ್ಟರ್ ಹತ್ರ ಹೋಗು ಅನ್ನೋರು ಯಾರೂ ಇಲ್ಲ ಆ ಊರಲ್ಲಿ. ಮತ್ತೆ ಎಲ್ಲಿಗೆ ಹೋದ್ರೂ ಲಾಡ್ಜಲ್ಲಿ ಒಂದೇ ಕೋಣೆ, ಒಂದೇ ಮಂಚ. ಇನ್ನೊಂದು ಮಂಚ ಯಾರು ಹೊತ್ಕೊಂಡು ಹೋದ್ರು?"

ಎಲ್ಲರೂ ನಗುತ್ತಿದ್ದರು. ನಗದೆ ಕೇಳುತ್ತಿದ್ದವಳು ಒಬ್ಬಳೇ, ಗುಂಡಿ ಹೊಲಿಯುವ ಮೌನಿ. ಡಾಕ್ಟರರ ಬಿಳಿ ಕೋಟುಗಳಿಗೆ ಗುಂಡಿ ಹಾಕುವುದು ಅವಳ ಕೆಲಸ. ಒಂಬತ್ತು ವರ್ಷದ ಹಿಂದೆ ಗಂಡ ಬೆಳಿಗ್ಗೆ ಕೆಲಸಕ್ಕೆಂದು ಹೋದವನು ತಿರುಗಿ ಬಂದಿರಲಿಲ್ಲ. ಆಗ ಮಗಳಿಗೆ ಮೂರು, ಈಗ ಹನ್ನೆರಡು. ಮೌನಿ ಅದರ ಸುದ್ದಿ ಎತ್ತುತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. ಕತ್ತರಿ ಅಕ್ಕ ಹೇಳಿದ್ದನ್ನು ಮಾತ್ರ ಅವಳು ವೇದವಾಕ್ಯದ ಹಾಗೆ ಕೇಳುತ್ತಿದ್ದಳು, ಅದಂತೂ ನಿಜ.

ಆಗ ಬಂದದ್ದು ಒಂದು ಮಂಜಿನ ಕೋಟೆಯ ಕಾದಂಬರಿ. ಕೋಟೆಬಾಗಿಲಲ್ಲಿ ದೀಪ ಹಚ್ಚುವ ಹೆಂಗಸು. ಗಂಡ ಮಂಜಿನಾಚೆ ಹೋದವನು ಒಂಬತ್ತು ವರ್ಷ ಪತ್ತೆಯಿಲ್ಲ. ಒಂದು ದಿನ ತಲೆ ನರೆತು ಬಾಗಿಲ ಮುಂದೆ ನಿಲ್ಲುತ್ತಾನೆ. ಎಲ್ಲಿದ್ದೆ ಅಂದರೆ ಉತ್ತರವಿಲ್ಲ. ಅವಳು ಬಾಗಿಲು ತೆರೆಯುತ್ತಾಳೆ.

ಕತ್ತರಿ ಅಕ್ಕ ಐದು ತುಂಡು ಓದಿ ಮುಗಿಸಿದಳು. ನಾಲ್ಕನೆಯದು ಇಸ್ತ್ರಿಯವಳ ಮನೆಯಲ್ಲಿ. ಅವಳ ಅತ್ತೆ ಕಾಲು ಮುರಿದುಕೊಂಡು ಮಲಗಿದ್ದರಿಂದ ಅವಳು ಹತ್ತು ದಿನ ರಜೆ ಹಾಕಿದ್ದಳು. ಮಂಗಳವಾರ ಊಟಕ್ಕೆ ಕೂತಾಗ ಒಗೆಯುವ ಕೋಣೆಯವರು ಬಾಗಿಲಲ್ಲಿ ಸೇರಿದರು. "ಏನಕ್ಕ, ಈ ಸಲ ಸದ್ದಿಲ್ಲ?" ಅಂದರು. ಇನ್ನೂ ಓದಿ ಮುಗಿದಿಲ್ಲ ಅಂತ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಹೇಳಲಿಲ್ಲ. ಹೇಳಲು ಬಿಂಕ ಬಿಡಲಿಲ್ಲ. ನಾಲ್ಕನೆಯದರಲ್ಲಿ ಏನಿರುತ್ತದೆ ಮಹಾ, ಆಚೆ ಇನ್ನೊಬ್ಬಳು ರಾಣಿ ಇರುತ್ತಾಳೆ, ಇಂಥವು ನಲವತ್ತು ಓದಿಲ್ಲವೇ ತಾನು, ಅಂದುಕೊಂಡಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರನ್ನು ಜನ್ಮವಿಡೀ ಆಡಿಕೊಂಡವಳು ತಾನೇ ಹಗ್ಗ ಹಿಡಿದು ನಿಂತಳು.

ಅವಳಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಹಿಂದಿನ ಭಾನುವಾರ ಮೌನಿಯ ಮನೆಬಾಗಿಲಿಗೆ ಅವಳ ಗಂಡ ಬಂದಿದ್ದ. ಕೈಯಲ್ಲೊಂದು ಚೀಲ, ಮೈ ಅರ್ಧಕ್ಕೆ ಇಳಿದಿತ್ತು. "ಒಳಗೆ ಬಿಡು, ಎಲ್ಲ ಹೇಳ್ತೀನಿ" ಅಂದಿದ್ದ. ಮೌನಿ ಚಿಲಕ ಹಿಡಿದೇ ನಿಂತಿದ್ದಳು. ಮುಂದಿನ ಭಾನುವಾರ ಬರುತ್ತೇನೆ, ಯೋಚನೆ ಮಾಡು ಅಂತ ಹೋಗಿದ್ದ. ಆ ವಾರವಿಡೀ ಅವಳು ಅನ್ನ ನಿದ್ದೆ ಬಿಟ್ಟು ಯೋಚನೆ ಮಾಡುತ್ತಿದ್ದಳು.

"ಆ ದೀಪದವಳು ಬಾಗಿಲು ತೆಗೆದಿದ್ದು ತಪ್ಪಾ ಅಕ್ಕ?" ಅಂತ ಕೇಳಿದಳು. ಮೌನಿ ಬಾಯಿಬಿಟ್ಟಳಲ್ಲ ಅಂತ ಎಲ್ಲರೂ ತಿರುಗಿ ನೋಡಿದರು.

ಕತ್ತರಿ ಅಕ್ಕ ಹುರುಪುಗೊಂಡಳು. "ತಪ್ಪು ಅಂದ್ರೆ ತಪ್ಪೇ ಕಣೇ. ಒಂಬತ್ತು ವರ್ಷ ಎಲ್ಲಿದ್ದೆ ಅಂದ್ರೆ ಕಲ್ಲು ನಿಂತ ಹಾಗೆ ನಿಂತ್ಕೊಳ್ತಾನೆ. ಕಾರಣ ಇದ್ದೋನಿಗೆ ಬಾಯಿ ಇರುತ್ತೆ. ಬಾಯಿ ಬಿಡದೋನ ಹತ್ರ ಕಾರಣ ಇಲ್ಲ ಅಂತಲೇ ಅರ್ಥ. ಬಾಗಿಲಾಚೆ ನಿಂತೇ ಹೇಳು, ಇಲ್ಲ ಬಂದ ದಾರಿ ಹಿಡಿ ಅನ್ಬೇಕಿತ್ತು. ಇಂಥ ಮಾನಗೆಟ್ಟ ನಾಯಕೀನ ನಾನು ಇತ್ತೀಚೆಗೆ ಓದಿಲ್ಲ."

ಬಾಗಿಲಲ್ಲಿದ್ದವರು ಚಪ್ಪಾಳೆ ತಟ್ಟಿದರು. ಮೌನಿ ತಲೆಯಾಡಿಸಿ ಡಬ್ಬಿ ಮುಚ್ಚಿದಳು.

ಮುಂದಿನ ಸೋಮವಾರ ಕೈ ತೊಳೆಯುವಲ್ಲಿ ಮೌನಿ ಎಲ್ಲವನ್ನೂ ಹೇಳಿದಳು. ಆ ಭಾನುವಾರದ್ದು, ಈ ಭಾನುವಾರದ್ದು. "ನೀವು ಹೇಳಿದ ಹಾಗೇ ಅಂದೆ ಅಕ್ಕ. ಅಲ್ಲೇ ನಿಂತು ಹೇಳಿ, ಇಲ್ಲ ಹೋಗಿ ಅಂತ. ಬಾಗಿಲಲ್ಲಿ ನಿಂತು ಹೇಳೋ ಮಾತಲ್ಲ ಅದು ಅಂದ್ರು. ನಾನು ಚಿಲಕ ತೆಗೀಲಿಲ್ಲ. ಸುಮಾರು ಹೊತ್ತು ಇದ್ರು. ಆಮೇಲೆ ಹೊರಟು ಹೋದ್ರು."

"ಒಳ್ಳೇ ಕೆಲಸ ಮಾಡಿದೆ" ಅಂದಳು ಕತ್ತರಿ ಅಕ್ಕ. ಅವಳ ಬೆನ್ನು ತಟ್ಟಿದಳು. ತನ್ನ ಮಾತಿಗೆ ಒಬ್ಬಳ ಬಾಳಿನಲ್ಲಿ ಇಷ್ಟು ಬೆಲೆ ಬಂತಲ್ಲ ಅಂತ ಅವತ್ತು ಮಧ್ಯಾಹ್ನವೆಲ್ಲ ಹೆಮ್ಮೆಯಿಂದ ಬಟ್ಟೆ ಸೀಳಿದಳು.

ಬುಧವಾರ ಇಸ್ತ್ರಿಯವಳು ಕೆಲಸಕ್ಕೆ ಬಂದು ನಾಲ್ಕನೇ ತುಂಡನ್ನು ಕತ್ತರಿಸುವ ಮೇಜಿನ ಮೇಲೆ ಎಸೆದಳು. "ತಗೊಳ್ಳಿ ಅಕ್ಕ, ಅತ್ತು ಅತ್ತು ಸಾಕಾಯ್ತು." ಕತ್ತರಿ ಅಕ್ಕ ಊಟದ ಹೊತ್ತಿನಲ್ಲಿ ಅದನ್ನು ಬಿಚ್ಚಿದಳು.

ಆಚೆ ಯಾವ ರಾಣಿಯೂ ಇರಲಿಲ್ಲ. ಅವನನ್ನು ಮಂಜಿನಾಚೆಯವರು ಹಿಡಿದು ಹಾಕಿದ್ದರು. ಒಂಬತ್ತು ವರ್ಷ ಕಲ್ಲು ಹೊರಿಸಿದರು. ಕೊನೆಗೆ ಬಿಡುತ್ತೇವೆ, ಆದರೆ ನಡೆದದ್ದನ್ನು ಹೇಳುವ ಶಕ್ತಿಯನ್ನು ಇಲ್ಲೇ ಇಟ್ಟು ಹೋಗು ಅಂದರು. ಅವನು ಒಪ್ಪಿದ. ಹೆಂಡತಿ ಎಲ್ಲಿದ್ದೆ ಅಂತ ಕೇಳುತ್ತಾಳೆ, ತನಗೆ ಹೇಳಲಾಗುವುದಿಲ್ಲ, ಬಾಗಿಲು ತೆಗೆಯದೆಯೂ ಹೋದಾಳು ಅಂತ ಗೊತ್ತಿದ್ದೇ ಒಪ್ಪಿದ. ಒಂದು ಸಲ ಅವಳ ಮುಖ ನೋಡಿದರೆ ಸಾಕು ಅಂದುಕೊಂಡ.

ಕತ್ತರಿ ಅಕ್ಕನ ಡಬ್ಬಿಯಲ್ಲಿದ್ದದ್ದು ಹಾಗೇ ಉಳಿಯಿತು. ಆಚೆ ಮೇಜಿನಲ್ಲಿ ಮೌನಿ ಹಲ್ಲಿನಿಂದ ದಾರ ಕಡಿಯುತ್ತಿದ್ದಳು. ನಾಲ್ಕನೇ ತುಂಡು ಇನ್ನು ಹೋಗಬೇಕಾದದ್ದು ಅವಳಿಗೇ.

ಕೊಡಲಿಲ್ಲ. ಇಡೀ ಕೋಣೆಯಲ್ಲಿ ಬೇಗ ಓದುವವಳು "ಇನ್ನೂ ಮುಗಿದಿಲ್ಲ" ಅಂತ ಗುರುವಾರ ಅಂದಳು, ಶುಕ್ರವಾರವೂ ಅಂದಳು. ತುಂಡನ್ನು ಹಳೇ ಹಾಸಿಗೆ ಬಟ್ಟೆಗಳ ರಾಶಿಯ ಕೆಳಗೆ ತುರುಕಿದಳು. ಕಾದಂಬರಿಯವನ ಕಾರಣ ಮೌನಿಯ ಗಂಡನ ಕಾರಣವಾಗಬೇಕೆಂದೇನಿಲ್ಲ, ಅವನು ನಿಜವಾಗಿಯೂ ಹೊಣೆಗೇಡಿ ಇದ್ದಾನು ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಸಮಾಧಾನವಾಗಲಿಲ್ಲ. ಇದ್ದಾನೋ ಇಲ್ಲವೋ ತನಗೇನು ಗೊತ್ತಿತ್ತು? ಮುಖ ಸಹ ನೋಡಿರಲಿಲ್ಲ. ಸಂಜೆ ಆರಕ್ಕೆ ಮನೆಗೆ ಬರುವ ಗಂಡನನ್ನು ಇಟ್ಟುಕೊಂಡು ಬಾರದವನ ಬಗ್ಗೆ ತೀರ್ಪು ಕೊಟ್ಟಿದ್ದಳು.

ಶನಿವಾರ ಡ್ರೈವರ್ ಚಪ್ಪಲಿ ಬಿಡುತ್ತಾ ಕೇಳಿದ, "ಇವತ್ತು ಯಾರನ್ನ ಕತ್ತರಿಸಿದೆ?" ಅವಳು ಅತ್ತುಬಿಟ್ಟಳು. ಎಲ್ಲ ಹೇಳಿದಳು. ಅವನು ಬಂದು ಪಕ್ಕದಲ್ಲಿ ಕೂತು, "ಅವರು ಈಗ ಎಲ್ಲಿದ್ದಾರಂತೆ?" ಅಂದ.

"ಗೊತ್ತಿಲ್ಲ. ವಿಳಾಸ ಕೊಟ್ಟಿಲ್ಲ."

"ಕೊಟ್ಬಿಡು ಆ ತುಂಡನ್ನ. ಮುಚ್ಚಿಟ್ಟರೆ ಇನ್ನೊಂದು ತಪ್ಪು."

ಸೋಮವಾರ ಅವಳು ಮೌನಿಯ ಮೇಜಿಗೆ ತಾನೇ ಹೋದಳು. ಇಪ್ಪತ್ತೊಂಬತ್ತು ವರ್ಷ ಯಾರ ಮುಂದೆಯೂ ತಗ್ಗದ ದನಿ ತಗ್ಗಿತ್ತು. "ಇದನ್ನ ಓದದೇ ಅವತ್ತು ಹಾಗೆ ಹೇಳ್ದೆ ಕಣೇ. ಓದಿಲ್ಲ ಅನ್ನೋಕೆ ನಾಚಿಕೆ ಆಯ್ತು. ಬುಧವಾರದಿಂದ ನಿನ್ನಿಂದ ಮುಚ್ಚಿಟ್ಟಿದ್ದೀನಿ. ನನ್ನನ್ನ ಏನು ಬೇಕಾದ್ರೂ ಅನ್ನು."

ಮೌನಿ ತುಂಡನ್ನು ತೆಗೆದುಕೊಂಡಳು. ಊಟದ ಹೊತ್ತಿನಲ್ಲಿ ಡಬ್ಬಿ ಬಿಚ್ಚದೆ, ಗುಂಡಿಗಳ ಪೆಟ್ಟಿಗೆ ಸರಿಸಿ ಓದಲು ಕೂತಳು. ಎರಡನೆಯ ದಿನವೂ ಓದಿದಳು. ಕತ್ತರಿ ಅಕ್ಕ ದೂರದಿಂದ ಅವಳು ಪುಟ ತಿರುಗಿಸುವುದನ್ನೇ ನೋಡುತ್ತಾ ಒಂದು ಹಾಸಿಗೆ ಬಟ್ಟೆಯನ್ನು ಅಡ್ಡಕ್ಕೆ ಕತ್ತರಿಸಿ ಹಾಳು ಮಾಡಿದಳು.

ಮಂಗಳವಾರ ಊಟದ ಗಂಟೆ ಮುಗಿಯುವ ಹೊತ್ತಿಗೆ ಮೌನಿ ತುಂಡನ್ನು ತಂದು ಕತ್ತರಿಸುವ ಮೇಜಿನ ಮೇಲಿಟ್ಟಳು. ಕಣ್ಣು ಕೆಂಪಾಗಿದ್ದರೂ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ಎಷ್ಟೋ ವಾಸಿಯಿತ್ತು.

"ನಿನ್ನೆ ಮಗಳು ಕೇಳಿದಳು ಅಕ್ಕ, ಅಪ್ಪ ಯಾಕೆ ಹೋಗಿದ್ರು ಅಂತ."

"ಏನು ಹೇಳ್ದೆ?"

"ಏನು ಹೇಳ್ಲಿ? ಈ ಕಥೇದು ಇಸ್ತ್ರಿಯಕ್ಕನ ಮನೇಲಿತ್ತು. ನಮ್ಮನೆಯವರ ನಾಲ್ಕನೇ ತುಂಡು ಯಾರ ಹತ್ರ ಇದೆ ಅಂತ ಹೋಗಿ ಕೇಳ್ಲಿ?"

ಒಗೆಯುವ ಕೋಣೆಯವರು ಬಾಗಿಲಲ್ಲಿ ಬಂದು ನಿಂತಿದ್ದರು. ಆ ಮಾನಗೆಟ್ಟ ನಾಯಕಿಯ ಬಗ್ಗೆ ಇನ್ನೊಂದು ಸಲ ಹೇಳಿ ಅಕ್ಕ ಅಂತ ಯಾರೋ ಕೇಳಿದರು. "ಇನ್ನೂ ಓದಿ ಮುಗಿದಿಲ್ಲ" ಅಂದಳು ಕತ್ತರಿ ಅಕ್ಕ.