ಮಾಳಿಗೆಯ ಮೇಲಿನ ಮಣ್ಣು

ನಾನು ಹುಟ್ಟಿ ಬೆಳೆದ ಬೀದರದ ಮನೆಗೆ ಕಲ್ಲು ಚಪ್ಪಡಿಯ ಛತ್ತು ಇತ್ತು. ಅದರ ಕೆಳಗೆ ಮಲಗಿದವರಿಗೆ ಮೇಲೆ ನೋಡುವ ಕಾರಣವೇ ಇರಲಿಲ್ಲ. ಖಟಕ ಚಿಂಚೋಳಿಗೆ ಸೊಸೆಯಾಗಿ ಬಂದ ಮೇಲೆ ನಾನು ಮೇಲೆ ನೋಡುವುದನ್ನು ಕಲಿತೆ. ಈ ವಯಸ್ಸಿನಲ್ಲೂ ಯಾರದೇ ಮನೆಗೆ ಹೋದರೂ ಮೊದಲು ನೋಡುವುದು ಮೇಲೆಯೇ. ಆಮೇಲೆ ಮನೆಯವರ ಮುಖ.

ಅತ್ತೆಯದು ಮಾಳಿಗೆಯ ಮನೆ. ಗೋಡೆಯಿಂದ ಗೋಡೆಗೆ ಒಂದು ದಪ್ಪ ತೊಲೆ, ಅದರ ಮೇಲೆ ಸಾಲಾಗಿ ಜಂತಿಗಳು, ಜಂತಿಗಳ ಮೇಲೆ ಒತ್ತೊತ್ತಾಗಿ ತೊಗರಿ ಕಟ್ಟಿಗೆ, ಅದರ ಮೇಲೆ ಬೇವಿನ ತಪ್ಪಲು, ಎಲ್ಲದರ ಮೇಲೆ ತುಳಿದು ಗಟ್ಟಿ ಮಾಡಿದ ಸವಳು ಎಂಬ ಉಪ್ಪು ಮಣ್ಣು. ಕಟ್ಟಿಗೆ, ಸೊಪ್ಪು, ಮಣ್ಣು ಮೂರೂ ಕೂಡಿ ಒಂದಾದವೆಂದರೆ ಎಂಥ ಬಿಸಿಲೂ ಒಳಗೆ ಇಳಿಯುವುದಿಲ್ಲ. ಆದರೆ ಆ ಬಿಸಿಲಿಗೆ ಮೇಲಿನ ಮಣ್ಣು ಬಾಯಿ ಬಿಡುತ್ತದೆ. ಅದಕ್ಕೇ ಪ್ರತಿ ಬೇಸಿಗೆಯ ಕೊನೆಗೆ ಹಳ್ಳದ ಕಡೆಯಿಂದ ಹೊಸ ಸವಳು ತಂದು ಹರಡಿ ಬಿರುಕು ಮುಚ್ಚುವುದು ಪದ್ಧತಿ. ಮದುವೆಯಾದ ವರ್ಷವೇ ಅತ್ತೆ ನನ್ನ ತಲೆಯ ಮೇಲೆ ಬುಟ್ಟಿ ಹೊರಿಸಿ ನಿಚ್ಚಣಿಕೆ ತೋರಿಸಿದರು.

“ಬೀದರದಾಕಿ, ಕೆಳಗ ನೋಡಬ್ಯಾಡ. ನೋಡಿದ್ರ ಬೀಳ್ತಿ.”

“ಮ್ಯಾಲ ನೋಡಿದ್ರ ಕಣ್ಣಾಗ ಬಿಸಿಲ್ರಿ ಅತ್ತಿ.”

“ಹಂಗಾದ್ರ ಕಣ್ ಮುಚ್ಕೊಂಡು ಏರು.”

ಅವು ಮಳೆ ಕೈಕೊಟ್ಟ ವರ್ಷಗಳು. ಓಣಿಯ ಅರ್ಧ ಮನೆಗಳಿಗೆ ಕೀಲಿ ಬಿದ್ದಿತ್ತು. ಭಾಲ್ಕಿಯ ಬಸ್ಸು ಇಲ್ಲಿಂದ ತುಂಬಿ ಹೋಗುತ್ತಿತ್ತು, ಬರುವಾಗ ಖಾಲಿ. ನಮ್ಮ ಮನೆಯವರು ಮತ್ತು ಮಾವ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು, ವರ್ಷಕ್ಕೊಮ್ಮೆ ಬರುತ್ತಿದ್ದರು. ಉಳಿದವರು ಅತ್ತೆ, ನಾನು, ಮತ್ತು ಕಡೆಯ ವರ್ಷಕ್ಕೆ ತೊಟ್ಟಿಲಿಗೆ ಬಂದ ನನ್ನ ಮಗಳು. ನಮ್ಮ ಗೋಡೆಗೆ ಗೋಡೆ ಹಚ್ಚಿಕೊಂಡಿದ್ದ ಮನೆಯವರು ಪುಣೆಗೆ ಹೋಗುವಾಗ ಕೀಲಿಕೈಯನ್ನು ಅತ್ತೆಗೆ ಕೊಟ್ಟು, “ಮಾಳಗಿ ನೋಡ್ಕೋರಿ ಅಕ್ಕಾ” ಎಂದಿದ್ದರು. ಊರು ಬಿಡುವವರು ಉಳಿದವರಿಗೆ ಹೇಳಿ ಹೋಗುತ್ತಿದ್ದದ್ದು ಆ ಒಂದೇ ಮಾತು. ಅತ್ತೆ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಪ್ರತಿ ಬೇಸಿಗೆಯೂ ನಮ್ಮ ಮಾಳಿಗೆಗೆ ಹಾಕಿದಷ್ಟೇ ಮಣ್ಣನ್ನು ಆ ಮಾಳಿಗೆಗೂ ಹಾಕಿದೆವು. ಪರರದ್ದು ಎಂದು ಒಂದು ಬುಟ್ಟಿ ಹೆಚ್ಚೇ.

ಅತ್ತೆಗೆ ಇದ್ದದ್ದು ಸೋರುವ ಭಯ. ಆಕಾಶ ಬೋಳಾಗಿದ್ದರೂ ಅವರು ದಿನಾ ಮೇಲೆ ಹೋಗಿ ಬಿರುಕು ನೋಡಿ ಬರುತ್ತಿದ್ದರು. ನನ್ನ ಭಯ ಬೇರೆಯದು. ಅದು ಶುರುವಾದದ್ದು ಊಟದ ತಾಟಿನಲ್ಲಿ.

ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿಯೇ ಉಣ್ಣುವ ಮನೆ ನಮ್ಮದು. ಒಂದು ದಿನ ಆಮೆನ್ ಅಂದು ಕಣ್ಣು ತೆರೆದರೆ ನನ್ನ ರೊಟ್ಟಿಯ ಮೇಲೆ ಮಣ್ಣು. ಮರುದಿನವೂ, ಅದರ ಮರುದಿನವೂ.

“ಅತ್ತಿ, ಮ್ಯಾಲಿಂದ ಮಣ್ ಉದುರ್ಲಾಕತ್ತದ್ರಿ.”

“ಇಲಿ ಓಡ್ಯಾಡಿರಬೇಕು. ಝಾಡಿಸಿ ತಿನ್ನು.”

“ದಿನಾ ಇದೇ ಹೊತ್ತಿಗಿ ಓಡ್ಯಾಡ್ತದೇನ್ರಿ?”

“ನಮ್ ಮನಿ ಇಲಿ ಅದು. ಪ್ರಾರ್ಥನಾಕ ಬರ್ತದ.”

ನಕ್ಕೆ. ಆದರೆ ಮಧ್ಯಾಹ್ನ ತೊಟ್ಟಿಲು ತೂಗುತ್ತ ಮೇಲೆ ನೋಡಿದೆ. ತೊಟ್ಟಿಲ ಹಗ್ಗ ಕಟ್ಟಿದ್ದು ಅದೇ ತೊಲೆಗೆ. ನಡುವಿನಲ್ಲಿ ಉಗುರು ಹೋಗುವಷ್ಟು ಸೀಳು ಇತ್ತು. ಕೆಲವು ದಿನ ಬಿಟ್ಟು ನೋಡಿದರೆ ಬೆರಳೇ ಹೋಗುವಂತಿತ್ತು. ಸೀಳು ದೊಡ್ಡದಾಗಿತ್ತೋ, ನನ್ನ ಕಣ್ಣೇ ಅದನ್ನು ದೊಡ್ಡದು ಮಾಡಿತ್ತೋ ತಿಳಿಯಲಿಲ್ಲ. ತೂಗಿದಾಗೆಲ್ಲ ಮೇಲೆ ಕಿರ್ ಎನ್ನುತ್ತಿತ್ತು. ತೂಗುವ ಕೈ ನಿಂತರೆ ಕೂಸು ಅಳುತ್ತಿತ್ತು, ತೂಗಿದರೆ ನನಗೆ ಅಳು ಬರುತ್ತಿತ್ತು. ಕೊನೆಗೆ ತೊಟ್ಟಿಲು ಬಿಚ್ಚಿ ಅಂಗಳದ ಬೇವಿನ ಮರಕ್ಕೆ ಕಟ್ಟಿದೆ. ಬಿಸಿಗಾಳಿಗೆ ಕೂಸಿನ ಮೈಯೆಲ್ಲ ಕೆಂಪು.

“ಕೂಸಿನ ಸುಡ್ತೀ ಏನು? ಒಳಗ ಕಟ್ಟು,” ಅಂದರು ಅತ್ತೆ.

“ತೊಲಿ ಸೀಳ್ಯಾದ್ರಿ.”

“ನಿನ್ ಗಂಡಗ ಅದೇ ತೊಲಿಗಿ ಕಟ್ಟಿ ತೂಗೀನಿ. ಅಂವ ಏನ್ ಚಪ್ಪಟ್ಟಿ ಆಗ್ಯಾನೇನು?”

ತೊಟ್ಟಿಲನ್ನು ಬೇವಿನಲ್ಲೇ ಬಿಟ್ಟೆ. ಅತ್ತೆ ಬುಟ್ಟಿ ಹೊತ್ತು ಮತ್ತೆ ಮೇಲೆ ಹೋದರು. ಅವರ ಹೆಜ್ಜೆ ಬಿದ್ದಲ್ಲೆಲ್ಲ ಒಳಗೆ ಸಣ್ಣಗೆ ಮಣ್ಣು ಉದುರಿತು.

ಪುಣೆಗೆ ಹೋದವರ ಒತ್ತಿನ ಮನೆ ಬಿದ್ದದ್ದು ಹಾಡಹಗಲಲ್ಲಿ. ಮೋಡ ಇಲ್ಲ, ಎಲೆ ಅಲುಗುವಷ್ಟು ಗಾಳಿ ಇಲ್ಲ. ಮೊದಲು ಹಸಿ ಟೊಂಗೆ ಮುರಿದಂತೆ ಒಂದು ಸದ್ದು, ಆಮೇಲೆ ಎದೆಗೇ ಬಂದು ಬಡಿದಂಥ ಇನ್ನೊಂದು. ನಮ್ಮ ಗೋಡೆ ನಡುಗಿ ಗೂಡಿನಲ್ಲಿದ್ದ ಚಿಮಣಿ ದೀಪ ಉರುಳಿತು. ಹೊರಗೆ ಓಡಿದರೆ ಕೀಲಿ ಹಾಕಿದ ಆ ಬಾಗಿಲ ಸಂದಿಯಿಂದ ಧೂಳು ಹೊಗೆಯ ಹಾಗೆ ಬರುತ್ತಿತ್ತು. ಅತ್ತೆ ಸೊಂಟದ ಕೀಲಿಕೈ ಹಾಕಿ ಕೀಲಿ ತೆಗೆದರು. ಬಾಗಿಲು ಅಲುಗಲಿಲ್ಲ, ಹಿಂದೆ ಮಣ್ಣು ತುಂಬಿತ್ತು.

ಓಣಿಯಲ್ಲಿ ಉಳಿದಿದ್ದ ಮುದುಕ, ನಾವೆಲ್ಲ ಕಾಕಾ ಅನ್ನುತ್ತಿದ್ದವರು, ಕೋಲೂರಿಕೊಂಡು ಬಂದರು. “ಮಳಿ ಇಲ್ಲ, ಗಾಳಿ ಇಲ್ಲ, ಖಾಲಿ ಮನಿ. ಹ್ಯಾಂಗ ಬಿತ್ತಿದು?”

ಕೂಸನ್ನು ಅವರ ತೊಡೆಯ ಮೇಲೆ ಹಾಕಿ ಅತ್ತೆ ಮತ್ತು ನಾನು ನಮ್ಮ ಮಾಳಿಗೆ ಏರಿ, ಅಂಚಿನಿಂದ ಆ ಗುಂಡಿಯೊಳಗೆ ಇಣುಕಿದೆವು. ಬೀಳದೆ ಉಳಿದ ಕಡೆ ಮಣ್ಣು ಚಾಕುವಿನಿಂದ ಕೊಯ್ದಂತೆ ಕಾಣುತ್ತಿತ್ತು, ರೊಟ್ಟಿಯ ಮೇಲೆ ರೊಟ್ಟಿ ಇಟ್ಟ ಹಾಗೆ ಪದರ ಪದರ. ಅತ್ತೆ ಬೆರಳು ಮಾಡಿ ತೋರಿಸಿದರು.

“ಇದು ಈ ವರ್ಷ ಹಾಕಿದ್ದು. ಇದು ಹ್ವಾದ ವರ್ಷದ್ದು. ಅದು ಅದರ ಹಿಂದಿನ ವರ್ಷದ್ದು. ಯಾವುದೂ ಹೋಗೇ ಇಲ್ಲಲ್ಲ ಸೊಸಿ.”

ಮಳೆಯಾಗುವ ವರ್ಷ ನಾವು ಹಾಕಿದ್ದರಲ್ಲಿ ಬಹಳಷ್ಟನ್ನು ಮಳೆಯೇ ತೊಳೆದು ಓಣಿಗೆ ಇಳಿಸುತ್ತಿತ್ತು. ಏರಿಸುವುದು ನಮ್ಮ ಕೆಲಸ, ಇಳಿಸುವುದು ಅದರದು. ಮಳೆ ತನ್ನ ಕೆಲಸ ಬಿಟ್ಟಿತ್ತು, ನಾವು ಬಿಟ್ಟಿರಲಿಲ್ಲ. ಇಷ್ಟು ಮನಸ್ಸಿಗೆ ಬರುವಷ್ಟರಲ್ಲಿ ಅತ್ತೆ ತಮ್ಮ ಕಾಲ ಕೆಳಗೆ ನೋಡಿಕೊಂಡರು. ನಾವಿಬ್ಬರೂ ನಿಂತದ್ದು ಅಂಥದೇ ಮಣ್ಣಿನ ಮೇಲೆ.

“ಜೋರ್ ಕಾಲಿಡಬ್ಯಾಡ,” ಅಂದರು ಪಿಸುಮಾತಿನಲ್ಲಿ, ಜೋರಾಗಿ ಅಂದರೆ ಮಾಳಿಗೆ ಕೇಳಿಸಿಕೊಳ್ಳುತ್ತದೋ ಎಂಬಂತೆ. “ಸಾವಕಾಶ ಹಿಂದ ಸರಿ. ಗ್ವಾಡಿ ಮ್ಯಾಲೇ ಕಾಲಿಡು.”

ಅಂದಿನಿಂದ ನಾವು ಮಣ್ಣು ಇಳಿಸತೊಡಗಿದೆವು. ತೊಲೆಯ ಮೇಲೆ ಹೆಜ್ಜೆ ಇಡುವ ಧೈರ್ಯ ಇಬ್ಬರಿಗೂ ಇಲ್ಲ. ಗೋಡೆಯ ಮೇಲೆ ಕೂತು ಉದ್ದ ಕೋಲಿಗೆ ಸಲಿಕೆ ಕಟ್ಟಿ ಎಳೆಯುವುದು, ಬುಟ್ಟಿಗೆ ತುಂಬಿ ಕೆಳಗೆ ಚೆಲ್ಲುವುದು. ಕಾಕಾ ಬೇವಿನ ಕೆಳಗೆ ತೊಟ್ಟಿಲು ತೂಗುತ್ತ ಕೂಗುತ್ತಿದ್ದರು, “ಊರ ಮಂದಿ ಮಳಿಗಿ ಮಾಳಗಿ ಮ್ಯಾಲ ಮಣ್ ಹಾಕ್ತಾರ, ನೀವು ತೆಗಿತೀರಿ. ಅತ್ತಿ ಸೊಸಿಗಿ ಬಿಸಿಲು ಏರ್ಯಾದ!”

“ನೀ ಸುಮ್ ತೂಗಪ್ಪ,” ಅನ್ನುತ್ತಿದ್ದರು ಅತ್ತೆ.

ತೊಲೆಯ ಮೇಲಿನದಷ್ಟು ತೆಗೆದಿದ್ದೆವು. ಸುತ್ತಲಿನದು ಇನ್ನೂ ಉಳಿದಿತ್ತು. ಆಗ ಔರಾದ ಕಡೆಯಿಂದ ಮೋಡ ಎದ್ದಿತು. ವರ್ಷಗಟ್ಟಲೆ ಯಾವುದಕ್ಕೆ ಮೊಣಕಾಲೂರಿ ಬೇಡಿದ್ದೆವೋ ಅದು ಬರುವುದನ್ನು ನೋಡಿ ಸಲಿಕೆ ಬಿಟ್ಟು ಕೂಸಿನ ಕಡೆ ಇಳಿದೆ. ಒಣ ಮಣ್ಣನ್ನೇ ಹೊರಲಾರದ ತೊಲೆ, ನೆನೆದ ಮಣ್ಣನ್ನು ಹ್ಯಾಗೆ ಹೊತ್ತೀತು?

ದಪ್ಪ ಹನಿಗಳು ಬಿದ್ದವು. ಕಾಕಾ ಕೋಲೂರುತ್ತ ತಮ್ಮ ಮನೆಗೆ ಹೋದರು, ಅವರದೂ ಮಣ್ಣಿನ ಮಾಳಿಗೆಯೇ. ಕೂಸನ್ನು ಹೊರಗೆ ಇಡುವಂತಿಲ್ಲ, ಒಳಗೆ ಒಯ್ಯುವಂತಿಲ್ಲ. ಅತ್ತೆ ನನ್ನ ತೋಳು ಹಿಡಿದು ಬಾಗಿಲಲ್ಲಿ ಕೂರಿಸಿದರು. ನಮ್ಮ ಕಡೆಯ ಕಲ್ಲುಗೋಡೆ ಬಹಳ ದಪ್ಪ, ಅದರ ಬಾಗಿಲು ಒಂದು ಸಣ್ಣ ಗೂಡಿನಂತೆ. ಮೂವರೂ ಆ ಗೂಡಿನಲ್ಲಿ ಮುದುಡಿದೆವು. ಬೆನ್ನ ಹಿಂದೆ ಮಳೆ, ಕಣ್ಣ ಮುಂದೆ ತೊಲೆ.

ಮಾಳಿಗೆ ಸೋರಿತು. ಮೊದಲು ಹನಿ, ಆಮೇಲೆ ಧಾರೆ. ಒಲೆ ತೋಯ್ದಿತು, ಹಾಸಿಗೆ ತೋಯ್ದಿತು, ಜೋಳದ ಚೀಲ ತೋಯ್ದಿತು. ಸೋರುವ ಭಯದಲ್ಲೇ ಇಷ್ಟು ವರ್ಷ ಬದುಕಿದ ಅತ್ತೆ ಒಂದಕ್ಕೂ ಪಾತ್ರೆ ಇಡಲು ಏಳಲಿಲ್ಲ. ತೊಲೆ ಒಮ್ಮೆ ದೀರ್ಘವಾಗಿ ನರಳಿತು. ನಾನು ಕೂಸಿನ ಮೇಲೆ ಬಾಗಿದೆ, ಅತ್ತೆ ನನ್ನ ಮೇಲೆ ಬಾಗಿದರು. ಅವರ ತುಟಿ ನನ್ನ ಕಿವಿಯ ಹತ್ತಿರ ಅಲುಗುತ್ತಿತ್ತು. ಪ್ರಾರ್ಥನೆ ಅಂದುಕೊಂಡೆ. ಕೇಳಿದರೆ, “ಸೋರ್ಲಿ, ಸೋರ್ಲಿ, ಸೋರಿ ಹೋಗ್ಲಿ,” ಅನ್ನುತ್ತಿದ್ದರು.

ತೊಲೆ ನಿಂತಿತು.

ಪುಣೆಯಿಂದ ಒತ್ತಿನ ಮನೆಯವರು ಬಂದಾಗ ಅತ್ತೆ ಕೀಲಿಕೈ ಚಾಚಿದರು. ಆ ಮನೆಯಾಕೆ ಗುಂಡಿಯನ್ನು ನೋಡಿ, ತನ್ನ ಮಕ್ಕಳನ್ನು ನೋಡಿ, “ನಾವು ಒಳಗಿದ್ವಿ ಅಂದ್ರ ಅಕ್ಕಾ?” ಎಂದು ಅತ್ತೆಯನ್ನು ಅಪ್ಪಿಕೊಂಡು ಅತ್ತಳು.

ನಮ್ಮ ಮಾಳಿಗೆ ಒಣಗಿದ ಮೇಲೆ ಅತ್ತೆ ಒಂದು ದಿನ ತೊಟ್ಟಿಲ ಹಗ್ಗವನ್ನು ಮತ್ತೆ ತೊಲೆಗೆ ಕಟ್ಟಿದರು. ಕಟ್ಟಿ, ತಾವೇ ಅದಕ್ಕೆ ಎರಡೂ ಕೈಯಿಂದ ಜೋತುಬಿದ್ದರು. ತಲೆಯ ಮೇಲೆ ಚಿಟಿಕೆ ಮಣ್ಣು ಉದುರಿತು. ಕಣ್ಣು ಮುಚ್ಚಿಕೊಂಡೇ, “ನನ್ನ ಹೊತ್ತದ ನೋಡು. ಕೂಸು ಎಷ್ಟರದು?” ಅಂದರು.

ನಾನು ಹೂಂ ಅಂದೆ. ತೊಟ್ಟಿಲನ್ನು ಮಾತ್ರ ಬಾಗಿಲ ಚೌಕಟ್ಟಿಗೇ ಕಟ್ಟಿದೆ. ಆ ವರ್ಷವಿಡೀ ನಮ್ಮ ಮನೆಗೆ ಬಂದವರೆಲ್ಲ ಬಗ್ಗಿ ತೊಟ್ಟಿಲ ಕೆಳಗಿಂದಲೇ ಒಳಗೆ ಬರಬೇಕಾಯಿತು. ಹೈದರಾಬಾದಿನಿಂದ ಬಂದ ದಿನ ನಮ್ಮ ಮನೆಯವರು ಬಗ್ಗದೆ ನುಗ್ಗಿ, ಹಣೆ ಬಡಿಸಿಕೊಂಡು, ಮಗಳನ್ನು ಎಬ್ಬಿಸಿದರು.