ಚಿತ್ರಮಂದಿರದ ಹೊಸ್ತಿಲಲ್ಲಿ ಬಿಟ್ಟ ಬೂಟುಗಳು

ಮಾರ್ಚ್ ೯, ಭಾನುವಾರ. ಪಕ್ಕದ ಊರು ಪಿಸ್ಕಾಟವೇಗೆ ಹೋಗುವಾಗ ದಾರಿಯಲ್ಲಿರುವ ಹಳೆಯ ಚಿತ್ರಮಂದಿರದ ಬಾಗಿಲಲ್ಲಿ, ಅದನ್ನು ಕೆಡವುವ ನೋಟಿಸು ಕಂಡೆ.

ಎಪ್ಪತ್ತರ ದಶಕದಲ್ಲಿ, ಈ ಪರದೇಶಕ್ಕೆ ಬಂದು ನೆಲೆಸಿದ್ದ ಕನ್ನಡದ ಮನೆಗಳೆಲ್ಲ ಸೇರಿ ಒಂದು ಬೆಳಿಗ್ಗೆ ಅದನ್ನು ಬಾಡಿಗೆಗೆ ಹಿಡಿದು ಕನ್ನಡ ಸಿನಿಮಾ ಹಾಕಿಸಿದ್ದೆವು. ಸಿನಿಮಾದ ಕಾಲಕ್ಕೂ ಮೊದಲು ಹಾಡು, ಕುಣಿತ, ಹಾಸ್ಯದ ವಾಡೆವಿಲ್ ಪ್ರದರ್ಶನಗಳಿಗೆಂದು ಕಟ್ಟಿದ್ದ ಮಂದಿರ. ಚಿನ್ನದ ಬಣ್ಣದ ಚಾವಣಿ, ಗಾರೆಯಲ್ಲಿ ಮಾಡಿದ ಅಪ್ಸರೆಯರು, ಪಾದ ಹೂತುಹೋಗುವಂಥ ಕೆಂಪು ಕಾರ್ಪೆಟ್. ಅಮ್ಮ ಹೊಸ್ತಿಲಲ್ಲೇ ಸ್ನೋ ಬೂಟ್ ಕಳಚಿದಳು.

“ಇದು ದೇವಸ್ಥಾನ ಅಲ್ಲ ಕಣೇ,” ಎಂದು ಅಪ್ಪ ನಕ್ಕರು.

“ಗೊತ್ತು ರೀ. ಇಷ್ಟು ಚೆನ್ನಾಗಿ ಕಟ್ಟಿದ್ದಾರೆ, ಬೂಟಲ್ಲಿ ತುಳಿಯೋಕೆ ಮನಸ್ಸು ಬರಲ್ಲ.”

ಹಿಂದಿದ್ದ ಆಂಟಿಯರೂ ಕಳಚಿದರು. ಕೊನೆಗೆ ಅಪ್ಪನೂ ಬಗ್ಗಿ ಲೇಸು ಬಿಚ್ಚಿದರು.

ಮಂಗಳವಾರ ಟೌನ್‌ಹಾಲಿನಲ್ಲಿ ಊರವರ ಅಭಿಪ್ರಾಯ ಕೇಳುತ್ತಾರಂತೆ. ಸಭೆಗಳಲ್ಲಿ ನಾನು ಎಂದೂ ಬಾಯಿ ತೆರೆದವನಲ್ಲ. ಈ ಸಲ ಎದ್ದು, ಕೆಡವಬೇಡಿ ಎಂದು ಹೇಳುತ್ತೇನೆ.