ಅಳಿಯ ಕೊಟ್ಟದ್ದು

ಹತ್ತೊಂಬತ್ತು ವರ್ಷದಿಂದ ಮಧುಗಿರಿಯ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿರುವ ನಾನು ಒಂದು ತಪ್ಪೊಪ್ಪಿಗೆಯಿಂದಲೇ ಶುರುಮಾಡಬೇಕು. ಜೀರ್ಣಾಂಗಗಳ ಪಾಠದಲ್ಲಿ ಬಾಯಿ, ಅನ್ನನಾಳ, ಜಠರ, ಸಣ್ಣ ಕರುಳಿನವರೆಗೆ ಬಣ್ಣದ ಚಾಕ್‌ಪೀಸಿನಲ್ಲಿ ಚಿತ್ರ ಬರೆದು ವಿಸ್ತಾರವಾಗಿ ಮಾತಾಡುತ್ತೇನೆ. ದೊಡ್ಡ ಕರುಳು ಬಂದಕೂಡಲೇ ‘ಉಳಿದದ್ದು ಹೊರಗೆ ಹೋಗುತ್ತದೆ’ ಎಂದು ಒಂದೇ ವಾಕ್ಯದಲ್ಲಿ ಮುಗಿಸಿ ಬೋರ್ಡು ಒರೆಸಿಬಿಡುತ್ತೇನೆ. ಆ ‘ಉಳಿದದ್ದ’ರ ಸಲುವಾಗಿ ನಮ್ಮ ಮನೆಯವರೆಲ್ಲ ಕೂತು ಸಭೆ ಮಾಡುವ ದಿನ ಬರುತ್ತದೆಂದು ಯಾರಾದರೂ ಹೇಳಿದ್ದರೆ, ಅವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ನನ್ನ ಅಕ್ಕನ ಗಂಡ ರಂಗಧಾಮಪ್ಪನವರಿಗೆ ಕೊಡಿಗೇನಹಳ್ಳಿಯಲ್ಲಿ ಬೀಜ-ಗೊಬ್ಬರದ ಅಂಗಡಿ. ಅವರು ಎದುರಿಗೆ ಬಂದರೆ ಬೀಡಿ ಬಿಸಾಕುವವರು ಊರಲ್ಲಿ ಈಗಲೂ ಇದ್ದಾರೆ. ಇಂಥ ಭಾವನಿಗೆ ಒಂದು ಕೆಟ್ಟ ಅಭ್ಯಾಸ. ಹಲ್ಲು ನೋಯಲಿ, ಗಂಟಲು ಕೆರೆಯಲಿ, ಯಾರನ್ನೂ ಕೇಳದೆ ಆಂಟಿಬಯಾಟಿಕ್ ಮಾತ್ರೆ ತಂದು ನುಂಗುವುದು. ಊರಿನ ಬೆಳೆಗೆಲ್ಲ ಔಷಧಿ ಹೊಡೆಸಿದವರು ತಮ್ಮ ಹೊಟ್ಟೆಗೂ ಹೊಡೆದುಕೊಂಡರು. ಒಂದು ದಿನ ಭೇದಿ ಶುರುವಾಯಿತು. ಚಿಕಿತ್ಸೆ ಕೊಟ್ಟರೆ ನಿಲ್ಲುತ್ತದೆ, ಬಿಟ್ಟು ಹದಿನೈದು ದಿನಕ್ಕೆ ಮತ್ತೆ ಶುರು. ಮೂರು ತಿಂಗಳಲ್ಲಿ ಆ ದೊಡ್ಡ ಆಳನ್ನು ಪಂಚೆಯೊಳಗೆ ಹುಡುಕಬೇಕಾಯಿತು. ಮೊದಲೇ ಇದ್ದ ಶುಗರ್ ಒಂದು ದಿನ ಹತ್ತಿ ಒಂದು ದಿನ ಇಳಿಯುತ್ತಿತ್ತು. ಅಕ್ಕ ದೇವರ ಮುಂದೆ ಕೂತು ಅಳುವುದನ್ನು ನೋಡಿ ನಾನೇ ಇಬ್ಬರನ್ನೂ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಅಲ್ಲಿನ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ತಾಳ್ಮೆಯವರು. ‘ನಮ್ಮ ಕರುಳಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾ ಇರ್ತವೆ. ನಮಗೆ ಜೀರ್ಣವಾಗದ ನಾರನ್ನ ಅವು ಅರಗಿಸ್ತವೆ. ನಮ್ಮ ತೂಕ, ಶುಗರ್, ಕೆಲವು ಮಾತ್ರೆ ಕೆಲಸ ಮಾಡೋದು, ಎಲ್ಲದರಲ್ಲೂ ಅವುಗಳ ಕೈವಾಡ ಇದೆ. ನಿಮ್ಮ ಹೊಟ್ಟೇಲಿ ಒಳ್ಳೆಯವೆಲ್ಲ ಸತ್ತು, ಒಂದು ಕೆಟ್ಟದ್ದು ಬೇರೂರಿದೆ’ ಎಂದರು. ಭಾವ ತಲೆಯಾಡಿಸಿದರು. ಕಳೆ ಎಂದರೆ ಅವರಿಗೆ ಗೊತ್ತು. ‘ಅದಕ್ಕೆ, ಒಳ್ಳೆಯವು ಮತ್ತೆ ಬಂದು ನೆಲೆಸ್ಲಿ ಅಂತ, ಆರೋಗ್ಯವಂತರೊಬ್ಬರ ಮಲ ತಗೊಂಡು, ಶೋಧಿಸಿ, ಟ್ಯೂಬ್‌ನಲ್ಲಿ ನಿಮ್ಮ ಕರುಳಿಗೆ ಸೇರಿಸ್ತೀವಿ.’

ಅಕ್ಕ ನನ್ನ ಕಿವಿಯಲ್ಲಿ, ‘ಪಾಪ, ಆಯಮ್ಮುಂಗೆ ಕನ್ನಡ ಸರ್ಯಾಗಿ ಬರಾಕಿಲ್ವೇನೋ ಕಣ್ಲಾ’ ಅಂದಳು.

ಕನ್ನಡ ಸರಿಯಾಗಿಯೇ ಇತ್ತು. ಕೊಡುವವರು ಯಾರು ಎಂಬುದೊಂದೇ ಪ್ರಶ್ನೆ. ಊರಿಗೆ ಬಂದು ಜಗಲಿಯ ಮೇಲೆ ಸಭೆ ಸೇರಿದೆವು. ರಕ್ತ ಕೊಡಲು ಹಿಂದೆ ಸರಿಯುವ ನೆಂಟರೆಲ್ಲ ಇದಕ್ಕೆ ಮುಂದೆ ಬಂದದ್ದು ನನಗೆ ಸೋಜಿಗ. ಖರ್ಚಿಲ್ಲದ ದಾನ ನೋಡಿ! ನಾನೂ ಎದೆಯುಬ್ಬಿಸಿ ಒಪ್ಪಿದೆ. ಆಸ್ಪತ್ರೆಯವರು ಪ್ರಶ್ನೆಗಳ ಪಟ್ಟಿ ಹಿಡಿದು ಎರಡೇ ನಿಮಿಷದಲ್ಲಿ ನನ್ನನ್ನು ತಿರಸ್ಕರಿಸಿದರು. ಶುಗರ್ ಇದೆ, ದಿನಾ ಗ್ಯಾಸ್ಟ್ರಿಕ್ ಮಾತ್ರೆ, ಹೊಟ್ಟೆ ಬೇರೆ ಮುಂದಕ್ಕೆ. ಜೀವನದಲ್ಲಿ ಬಡ್ತಿ ತಪ್ಪಿದೆ, ವರ್ಗಾವಣೆ ತಪ್ಪಿದೆ, ಸಹಿಸಿಕೊಂಡಿದ್ದೇನೆ. ನನ್ನದು ಇದಕ್ಕೂ ಲಾಯಕ್ಕಲ್ಲ ಎಂದಾಗ ಮಾತ್ರ ನಿಜವಾಗಿ ನೋವಾಯಿತು. ಉಳಿದವರೂ ಒಬ್ಬೊಬ್ಬರಾಗಿ ಬಿದ್ದುಹೋದರು.

ಉಳಿದವನು ಅಳಿಯ ಓಬಳೇಶ. ಪಾವಗಡ ತಾಲ್ಲೂಕಿನ ನಿಡುಗಲ್ಲಿನವನು, ಆ ಗಡಿಯ ತೆಲುಗು ಬೆರೆತ ಮಾತಿನವನು, ಕುರಿ ಸಾಕುತ್ತಾನೆ, ಎಸ್ಸೆಸ್ಸೆಲ್ಸಿ ಫೇಲು. ಅಕ್ಕನ ಮಗಳು ಶಶಿಕಲಾ ಇಷ್ಟಪಟ್ಟು ಅವನನ್ನು ಮದುವೆಯಾಗಿ ಆರು ವರ್ಷವಾಗಿದ್ದರೂ ಭಾವ ಅವನ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಸುದ್ದಿ ಕೇಳಿ ಅವನೇ ಬಂದು ಜಗಲಿಯ ಕೆಳಗೆ ನಿಂತ. ‘ನೇನು ಇಸ್ತಾನು ಮಾಮ. ಎಷ್ಟು ಬೇಕೋ ಅಷ್ಟು ಕೊಡ್ತೀನಿ.’

‘ಹೆಣ್ ಕೊಟ್ಟ ಮನೇದು ಒಂದ್ ಲೋಟ ನೀರೂ ಮುಟ್ಟಿಲ್ಲ ನಾನು. ಈಗ ಇದ್ನ ಇಸ್ಕೊಳ್ಲಾ?’ ಎಂದು ಭಾವ ಗೋಡೆ ಕಡೆ ತಿರುಗಿಕೊಂಡರು.

ಆಗ ಅಕ್ಕ ಎದ್ದಳು. ಮದುವೆಯಾದಾಗಿನಿಂದ ಗಂಡನನ್ನು ಬಹುವಚನದಲ್ಲೇ ಮಾತಾಡಿಸಿದವಳು ಅಂದು ಏಕವಚನಕ್ಕೆ ಇಳಿದಳು. ‘ಮೂರ್ ತಿಂಗ್ಳಿಂದ ನಿನ್ ಪಂಚೆ ಒಗ್ದು ಒಗ್ದು ನನ್ ಕೈ ಬಿದ್ದೋಗದೆ. ನಿನ್ ದೊಡ್ಡಸ್ತಿಕೆ ಇಟ್ಕೊಂಡ್ ನಾನೇನ್ ಮಾಡ್ಲಿ? ಇಸ್ಕೋ ಅಂದ್ರೆ ಇಸ್ಕೋ.’ ಭಾವ ಗೋಡೆಯ ಕಡೆ ನೋಡುತ್ತಲೇ ‘ಹೂಂ’ ಅಂದರು.

ಓಬಳೇಶನ ಪರೀಕ್ಷೆಗಳೆಲ್ಲ ಮುಗಿದವು. ವರದಿ ನೋಡಿದ ಡಾಕ್ಟರಮ್ಮ ‘ತುಂಬಾ ಚೆನ್ನಾಗಿದೆ, ಏನು ಊಟ ಮಾಡ್ತೀರಿ?’ ಎಂದು ಕೇಳಿದರು. ‘ಏಂ ಲೇದು ಮೇಡಂ. ಪೊದ್ದುನ್ನೆ ಅಂಬಲಿ, ಮಧ್ಯಾಹ್ನ ಮುದ್ದೆ, ಹುರುಳಿ ಸಾರು. ರಾತ್ರೀನೂ ಅದೇ.’ ಪರೀಕ್ಷೆ ಎಂಬುದರಲ್ಲಿ ಅವನು ಮೊದಲ ಸಲ ಪಾಸಾಗಿದ್ದ. ಆ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡದ್ದನ್ನು ನಾನು ನೋಡಿದೆ. ಸ್ಟಾಫ್‌ರೂಮಿನಲ್ಲಿ ಡಿಗ್ರಿಗಳ ಬಗ್ಗೆ ಮಾತಾಡುವಾಗ ಈಗ ನಾನು ಸ್ವಲ್ಪ ಮೆತ್ತಗಾಗಿದ್ದೇನೆ.

ಗೊತ್ತುಮಾಡಿದ ಬೆಳಿಗ್ಗೆ ಆಸ್ಪತ್ರೆಯಲ್ಲಿ ಎಲ್ಲವೂ ಸಿದ್ಧವಾಗಿತ್ತು. ಓಬಳೇಶ ಡಬ್ಬಿ ಹಿಡಿದು ಬಾತ್‌ರೂಮಿಗೆ ಹೋದ. ಅರ್ಧ ಗಂಟೆಯಾಯಿತು. ಮುಕ್ಕಾಲಾಯಿತು. ಹೊರಗೆ ನಾನು, ಅಕ್ಕ, ಶಶಿಕಲಾ, ಒಬ್ಬ ನರ್ಸು ಬಾಗಿಲನ್ನೇ ದಿಟ್ಟಿಸುತ್ತ ನಿಂತಿದ್ದೆವು. ಅವನು ಬೆವರುತ್ತ ತಲೆ ಹೊರಗೆ ಹಾಕಿದ. ‘ಇಷ್ಟು ಜನ ಕಾಯ್ತಾ ನಿಂತ್ರೆ ಅದೆಂಗ್ ಬರ್ತದೆ ಸಾರ್? ಹೊಲದಾಗಾದ್ರೆ...’ ಶಶಿಕಲಾ ಕಾಫಿ ತಂದಳು. ನಾನು ಬಿಸಿನೀರು ಸೂಚಿಸಿದೆ. ಅಕ್ಕ ಹರಕೆ ಹೊತ್ತಳು, ಯಾವ ದೇವರಿಗೆಂದು ಹೇಳಲಿಲ್ಲ.

ಸುದ್ದಿ ವಾರ್ಡಿಗೂ ಮುಟ್ಟಿತು. ಹೊಟ್ಟೆ ಖಾಲಿ ಮಾಡಿಸಿಕೊಂಡು ಮಲಗಿದ್ದ ಭಾವ ನನ್ನನ್ನು ಕರೆಸಿದರು. ಬಯ್ಯುತ್ತಾರೆಂದುಕೊಂಡೆ. ‘ಮೇಷ್ಟ್ರೇ, ಆ ಹುಡ್ಗುಂಗೆ ಹೇಳಿ, ಅವಸ್ರ ಇಲ್ಲ, ನಿಧಾನುಕ್ಕೆ ಆಗ್ಲಿ ಅಂತ. ನಾನ್ ಕಾಯ್ತೀನಿ.’ ಆರು ವರ್ಷದಲ್ಲಿ ಮಾವ ಅಳಿಯನಿಗೆ ಕಳಿಸಿದ ಮೊದಲ ಒಳ್ಳೆಯ ಮಾತು ಅದು. ನಾನು ಬಾಗಿಲ ಬಳಿ ನಿಂತು ಅದನ್ನು ಅಕ್ಷರಶಃ ಒಪ್ಪಿಸಿದೆ. ಆಮೇಲೆ ಎಲ್ಲವೂ ಸುಸೂತ್ರವಾಯಿತು. ಅವನು ಮುಚ್ಚಳ ಹಾಕಿದ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಹೊರಬಂದಾಗ ನಾವೆಲ್ಲ ದಾರಿ ಬಿಟ್ಟು ನಿಂತೆವು.

ವಾರ ಕಳೆಯುವುದರೊಳಗೆ ಭೇದಿ ನಿಂತಿತು. ಭಾವನ ಕೆನ್ನೆ ತುಂಬಿಕೊಂಡಿತು, ಶುಗರ್ ಕುಣಿಯುವುದನ್ನು ಬಿಟ್ಟಿತು. ‘ಇದರಿಂದ ಶುಗರ್ ವಾಸಿ ಆಯ್ತು ಅಂತ ಊರಲ್ಲಿ ಹೇಳ್ಬೇಡಿ. ಅದನ್ನಿನ್ನೂ ಹುಡುಕ್ತಾ ಇದ್ದಾರೆ. ಮಾತ್ರೆ ನಿಲ್ಲಿಸ್ಬೇಡಿ, ಹೊಟ್ಟೆಗೆ ನಾರು ಹಾಕಿ’ ಎಂದು ಡಾಕ್ಟರಮ್ಮ ಎಚ್ಚರಿಸಿದ್ದರು. ನಾನೂ ಅದನ್ನೇ ಎಲ್ಲರಿಗೂ ಹೇಳುತ್ತೇನೆ. ಅದಕ್ಕೇ ನನ್ನ ಮಾತನ್ನು ಯಾರೂ ಕೇಳುವುದಿಲ್ಲ.

ಕೊಟ್ಟವನಿಗೆ ಹೇಗೆ ಕೃತಜ್ಞತೆ ಹೇಳುವುದೆಂದು ಭಾವ ಒಂದು ತಿಂಗಳು ಯೋಚಿಸಿದರು. ಬಾಯಿಬಿಟ್ಟು ಹೇಳಿದರೆ ಏನು ಕೊಟ್ಟದ್ದಕ್ಕೆ ಎಂದೂ ಹೇಳಬೇಕಾಗುತ್ತದಲ್ಲ! ಕೊನೆಗೆ ಒಂದು ಭಾನುವಾರ ಹಣ್ಣು, ಹೊಸ ಪಂಚೆ ಹಿಡಿದು ನನ್ನ ಜೊತೆ ನಿಡುಗಲ್ಲಿಗೆ ಹೊರಟರು. ಹೊಸ್ತಿಲು ದಾಟಿ ಚಾಪೆಯ ಮೇಲೆ ಕೂತರು. ಶಶಿಕಲಾ ಮುದ್ದೆ ಇಟ್ಟು ಹುರುಳಿ ಸಾರು ಬಿಟ್ಟಳು. ಭಾವ ಒಂದು ಮುದ್ದೆ ಮುಗಿಸಿ ಇನ್ನೊಂದಕ್ಕೆ ತಟ್ಟೆ ಮುಂದೆ ಮಾಡಿದರು. ಮಗಳಿಗೆ ಗಾಬರಿ. ‘ಸಾಕು ಕಣಪ್ಪ, ಮೈ ಈಗ ಸುಧಾರಿಸ್ತಾ ಐತೆ.’

‘ನಂಗಲ್ಲ ಕಣಮ್ಮ’ ಎಂದು ಭಾವ ಅಳಿಯನ ಕಡೆ ನೋಡದೆ, ಹೊಟ್ಟೆಯ ಮೇಲೆ ಕೈಯಿಟ್ಟು ಹೇಳಿದರು, ‘ನಿನ್ ಗಂಡನ್ ಕಡೇರು ಒಳಗೆ ಬಂದು ಕುಂತವ್ರೆ. ಬೀಗ್ರುನ್ನ ಅರೆಹೊಟ್ಟೇಲಿ ಕುಂಡ್ರಿಸಾಕಾಯ್ತದಾ? ಇಕ್ಕು.’